ಅರ್ಧ ನಿಮಿಷ ತಡಿ

ಪುಣೆಯಲ್ಲಿ ನೆಲೆಸಿದ ನಿವೃತ್ತ ಕನ್ನಡಿಗರ ಬಗ್ಗೆ ಊರಿನವರಿಗೆ ಒಂದು ಕಲ್ಪನೆ ಇದೆ. ಬೆಳಿಗ್ಗೆ ಟೇಕಡಿ ಹತ್ತುತ್ತೇವೆ, ಹತ್ತೂವರೆಗೆ ಪಾಸ್‌ಬುಕ್ ಎಂಟ್ರಿಗೆ ಕ್ಯೂ ನಿಲ್ಲುತ್ತೇವೆ, ಸಂಜೆ ಎಲ್ಲಾದರೂ ಗಾಯನ ಇದ್ದರೆ ಮುಂದಿನ ಸಾಲಿನಲ್ಲಿ ಕೂತು ತಲೆ ಆಡಿಸುತ್ತೇವೆ. ಇದರಲ್ಲಿ ಸುಳ್ಳೇನೂ ಇಲ್ಲ. ನಾನೂ ಇವೆಲ್ಲ ಮಾಡುವವನೇ. ಆದರೆ ವಾರಕ್ಕೆ ಮೂರು ಮಧ್ಯಾಹ್ನ ಮಾತ್ರ ನಾನು ಪಿಸ್ತೂಲು ಹಾರಿಸುವ ರೇಂಜಿನಲ್ಲಿ, ಪ್ಲಾಸ್ಟಿಕ್ ಕುರ್ಚಿಯ ಮೇಲೆ, ಕಿವಿಗೆ ಮುಚ್ಚಳ ಹಾಕಿಕೊಂಡು ಕೂತಿರುತ್ತೇನೆ. ಇದನ್ನು ಕೇಳಿ ಧಾರವಾಡದ ಗೆಳೆಯನೊಬ್ಬ ಫೋನಿನಲ್ಲಿ, "ಏನೋ ಮಾರಾಯಾ, ರಿಟೈರ್ ಆದ ಮ್ಯಾಲೆ ಗುಂಡು ಹಾಕಲಿಕ್ಕೆ ಸುರು ಮಾಡಿದೇನು?" ಅಂದ. ನಮ್ಮ ಭಾಷೆಯಲ್ಲಿ ಗುಂಡಿಗೆ ಇರುವ ಈ ಎರಡನೇ ಅರ್ಥ ನಮ್ಮ ಸೊಸೈಟಿಯ ಮರಾಠಿ ನೆರೆಯವರಿಗೆ ಗೊತ್ತಿಲ್ಲ. ಅಷ್ಟರ ಮಟ್ಟಿಗೆ ನನ್ನ ಮಾನ ಉಳಿದಿದೆ.

ಗುಂಡು ಹಾರಿಸುವವಳು ನನ್ನ ಮೊಮ್ಮಗಳು. ಈಗ ಹದಿನೇಳು ವರ್ಷ. ಹದಿನಾಲ್ಕಕ್ಕೆ ಶಾಲೆಯ ಗೆಳತಿಯ ಜೊತೆ ಹೋಗಿ ಏರ್ ಪಿಸ್ತೂಲು ಹಿಡಿದಳು. ಮಗ, ಸೊಸೆ ಇಬ್ಬರೂ ಹಿಂಜವಡಿಯ ಕಂಪನಿಗಳಲ್ಲಿ. ಅವರು ಮನೆಗೆ ಬರುವ ಹೊತ್ತಿಗೆ ರೇಂಜು ಮುಚ್ಚಿರುತ್ತದೆ. ಏರ್ ಪಿಸ್ತೂಲು ಇರುವ ತನಕ ನನ್ನ ಹೆಂಡತಿ ಏನೂ ಅನ್ನಲಿಲ್ಲ. ಅದರಲ್ಲಿ ಮದ್ದಿಲ್ಲ, ಬೆಂಕಿಯಿಲ್ಲ. ಒತ್ತಿ ತುಂಬಿದ ಗಾಳಿ ನಾಲ್ಕೂವರೆ ಮಿಲಿಮೀಟರ್ ದಪ್ಪದ ಒಂದು ಸೀಸದ ತುಣುಕನ್ನು ಹತ್ತು ಮೀಟರ್ ಆಚೆ ದಬ್ಬುತ್ತದೆ, ಅಷ್ಟೇ. 2024ರಲ್ಲಿ ಮೊಮ್ಮಗಳು ಇಪ್ಪತ್ತೈದು ಮೀಟರ್ ವಿಭಾಗಕ್ಕೆ, ಅಂದರೆ ಮದ್ದು ತುಂಬಿದ .22 ಕಾಡತೂಸಿನ ಪಿಸ್ತೂಲಿಗೆ ಹೋಗುತ್ತೇನೆ ಅಂದಳು ನೋಡಿ, ಮನೆಯಲ್ಲಿ ಎರಡು ದಿನ ಮಾತಿಲ್ಲ ಕತೆಯಿಲ್ಲ. ಮಗ ಒಪ್ಪಿಗೆ ಪತ್ರಕ್ಕೆ ಸಹಿ ಹಾಕಿಬಿಟ್ಟಿದ್ದ. ಮೂರನೇ ದಿನ ನನ್ನಾಕೆ ನನ್ನನ್ನು ಕರೆದು, "ಸಹಿ ಅವ್ರು ಮಾಡ್ಯಾರ. ಅವ್ರಿಗೆ ಆಫೀಸು. ನೀವು ಹೋಗಿ ಅಲ್ಲೇ ಕುಂದರ್ರಿ. ಏನರ ಆದ್ರ ನಾ ನಿಮ್ಮನ್ನ ಕೇಳತೀನಿ" ಅಂದಳು.

ಸರ್ವಿಸಿನ ಕೊನೆಯ ನಾಲ್ಕು ವರ್ಷ ನಾನು ಇನ್‌ಸ್ಪೆಕ್ಷನ್ ವಿಭಾಗದಲ್ಲಿದ್ದವನು. ಕುಂತು ನೋಡೋದು, ಬರೆದಿಟ್ಟ ನಿಯಮಕ್ಕೂ ನಡೆಯುವ ರೀತಿಗೂ ಇರುವ ಅಂತರ ಹುಡುಕೋದು ನನ್ನ ಕಸುಬು. ಹೀಗಾಗಿ ಕುರ್ಚಿ ಹಾಕಿಕೊಂಡು ಕೂತೆ.

ನಮ್ಮ ಕೋಚ್ ಸಾತಾರಾ ಕಡೆಯ ನಿವೃತ್ತ ಸುಭೇದಾರರು. ಮರಾಠಾ ಲೈಟ್ ಇನ್‌ಫಂಟ್ರಿಯ ರೆಜಿಮೆಂಟಲ್ ಸೆಂಟರ್ ಇರುವುದು ನಮ್ಮ ಬೆಳಗಾವಿಯಲ್ಲಿ. ಇವರು ಅಲ್ಲಿ ತಯಾರಾದವರು. ಇಪ್ಪತ್ತು ಕನ್ನಡ ಶಬ್ದ ಬರುತ್ತವೆ, ಅದರಲ್ಲಿ ಅರ್ಧ ಸಂತೆಯಲ್ಲಿ ಚೌಕಾಶಿ ಮಾಡಲಿಕ್ಕೆ ಕಲಿತವು. ಉಳಿದವುಗಳಲ್ಲಿ ಅವರಿಗೆ ಬಹಳ ಪ್ರೀತಿಯದು 'ತಡಿ'. ಹಿಂದಿಯ 'ರುಕೋ', ಮರಾಠಿಯ 'ಥಾಂಬ್' ಇದ್ದಾಗ ಇದು ಯಾಕೆ ಅಂತ ಕೇಳಿದರೆ, ಆ ಎರಡೂ ಮಾತು ಮಕ್ಕಳು ಮನೆಯಲ್ಲಿ ದಿನಾ ಕೇಳಿ ಕೇಳಿ ಕಿವಿಗೆ ಹಾಕಿಕೊಳ್ಳೋದನ್ನೇ ಬಿಟ್ಟಿದ್ದಾರೆ ಅಂದರು. ಈಗ ಆ ರೇಂಜಿನ ಮರಾಠಿ ಹುಡುಗರೆಲ್ಲ 'ತಡಿ' ಅಂದರೆ ನಿಂತಲ್ಲೇ ಕಲ್ಲಾಗುತ್ತಾರೆ. ಪುಣೆಯಲ್ಲಿ ಕನ್ನಡದ ಪ್ರಸಾರಕ್ಕೆ ಇದಕ್ಕಿಂತ ಖರ್ಚಿಲ್ಲದ ಕೆಲಸವನ್ನು ನಾನು ನೋಡಿಲ್ಲ.

ಮೊದಲ ದಿನ ಅವರು ಹೇಳಿದ್ದು ಇಷ್ಟು. ಪಿಸ್ತೂಲು ಖಾಲಿ ಇದೆ ಅಂತ ಯಾರು ಹೇಳಿದರೂ ನಂಬಬೇಡಿ, ತೆಗೆದು ನೋಡಿ. ನಳಿಗೆ ಯಾವಾಗಲೂ ಗುರಿಯ ಕಡೆಗೇ ಇರಲಿ. ಹಾರಿಸುವ ಕ್ಷಣದ ತನಕ ಬೆರಳು ಟ್ರಿಗರಿನ ಹೊರಗೆ. ಈ ಮೂರನ್ನು ಸಿನಿಮಾ ನೋಡುವ ಹುಡುಗರೂ ಹೇಳುತ್ತಾರೆ. ಆಮೇಲೆ ಅವರು, "ಪಿಸ್ತೂಲು ಸರಿಯಾಗಿ ಹಾರಿದಾಗ ನಾನು ನಿಮಗೆ ಬೇಕಾಗಿಲ್ಲ. ಹಾರದೇ ಹೋದಾಗ ಏನು ಮಾಡ್ತೀರಿ ಅನ್ನೋದನ್ನ ಕಲಿಸಲಿಕ್ಕೆ ನಾನಿರೋದು" ಅಂದರು. ನಾನು ಕುರ್ಚಿಯನ್ನು ಸ್ವಲ್ಪ ಮುಂದಕ್ಕೆ ಎಳೆದುಕೊಂಡೆ.

ಹಾರದ ಗುಂಡಿನ ಭಯ ನಮ್ಮವರಿಗೆ ಹೊಸದೇನಲ್ಲ. ದೀಪಾವಳಿಯಲ್ಲಿ ಠುಸ್ ಆದ ಪಟಾಕಿಯ ಹತ್ತಿರ ಹೋದರೆ ಅವ್ವ ಒಳಗಿನಿಂದಲೇ ಚೀರುತ್ತಿದ್ದಳು. ಬತ್ತಿ ಆರಿದೆ ಅನಿಸುತ್ತದೆ, ಒಳಗೆಲ್ಲೋ ಕಿಡಿ ಇರುತ್ತದೆ, ಬಗ್ಗಿ ನೋಡುವವನ ಮುಖಕ್ಕೇ ಸಿಡಿಯುತ್ತದೆ. ಬೆಂಗಳೂರಿನ ಮಿಂಟೋ ಕಣ್ಣಾಸ್ಪತ್ರೆಯಲ್ಲಿ ಹಬ್ಬದ ಮರುದಿನ ಬ್ಯಾಂಡೇಜು ಕಟ್ಟಿಕೊಂಡ ಮಕ್ಕಳ ಸಾಲನ್ನು ಪತ್ರಿಕೆಗಳು ಪ್ರತಿ ವರ್ಷ ತೋರಿಸುತ್ತವೆ. ಕಾಡತೂಸೂ ಹಾಗೇ. .22 ಕಾಡತೂಸಿನಲ್ಲಿ ಹೊತ್ತಿಸುವ ಮದ್ದು ಇರುವುದು ತಳದ ಅಂಚಿನ ಮಡಿಕೆಯೊಳಗೆ. ಫೈರಿಂಗ್ ಪಿನ್ ಆ ಅಂಚನ್ನು ಜಜ್ಜಿದಾಗ ಕಿಡಿ ಏಳುತ್ತದೆ. ಆ ಸಣ್ಣ ಅಂಚಿನ ಸುತ್ತ ಮದ್ದು ಎಲ್ಲ ಕಡೆ ಸಮನಾಗಿ ಕೂತಿರದಿದ್ದರೆ, ಪಿನ್ನು ಬಿದ್ದ ಜಾಗದಲ್ಲಿ ಏನೂ ಇರುವುದಿಲ್ಲ. 'ಟಿಕ್' ಅಂತ ಸದ್ದು, ಮುಂದೇನಿಲ್ಲ. ಬಹುತೇಕ ಸಲ ಅದು ಸತ್ತ ಕಾಡತೂಸೇ. ಅಪರೂಪಕ್ಕೆ ಅದು ತಡವಾಗಿ ಹೊತ್ತಿಕೊಳ್ಳುವ ಕಾಡತೂಸಾಗಿರಬಹುದು. ಯಾವುದು ಹೌದು ಯಾವುದು ಅಲ್ಲ ಅಂತ ಹೊರಗಿನಿಂದ ಹೇಳಲು ಬರುವುದಿಲ್ಲ. ಅದಕ್ಕೇ ನಳಿಗೆಯನ್ನು ಗುರಿಯ ಕಡೆಗೇ ಹಿಡಿದು, ಬೆರಳು ಹೊರಗೆ ತೆಗೆದು, ಖಾಲಿ ಇರುವ ಕೈ ಮೇಲೆತ್ತಿ ಮೂವತ್ತು ಸೆಕೆಂಡು ಸುಮ್ಮನೆ ನಿಲ್ಲಬೇಕು. ಸುಭೇದಾರರ ಭಾಷೆಯಲ್ಲಿ, 'ಆಧಾ ಮಿನಿಟ್ ತಡಿ'. ಆಮೇಲೆ ಮ್ಯಾಗಜೀನ್ ತೆಗೆದು, ಸ್ಲೈಡ್ ಹಿಂದಕ್ಕೆಳೆದು, ಬಿದ್ದ ಕಾಡತೂಸನ್ನು ಬೇರೆ ಡಬ್ಬಿಗೆ ಹಾಕಬೇಕು. ಕಸದ ಬುಟ್ಟಿಗಲ್ಲ.

ಅರ್ಧ ನಿಮಿಷ ಅಂದರೆ ಎಷ್ಟು ಉದ್ದ ಅಂತ ನೀವು ಕೈ ಚಾಚಿ ನಿಂತು ನೋಡಬೇಕು. ಒಂದು ಕಿಲೋ ಭಾರ, ಒಂದೇ ಕೈ.

ಉಳಿದ ತೊಂದರೆಗಳು ಕಣ್ಣಿಗೆ ಕಾಣುವಂಥವು. ಹಾರಿದ ಮೇಲೆ ಖಾಲಿ ಕೋಶ ಪೂರ್ತಿ ಹೊರಗೆ ಚಿಮ್ಮದೆ ಸ್ಲೈಡಿನ ಬಾಯಲ್ಲಿ ನೆಟ್ಟಗೆ ಸಿಕ್ಕಿಕೊಳ್ಳುತ್ತದೆ, ಅಡುಗೆಮನೆ ಮಾಡಿನ ಮೇಲಿನ ಹೊಗೆಗೂಡಿನ ಹಾಗೆ. ಕಾಡತೂಸು ದುರ್ಬಲವಾಗಿದ್ದರೆ, ಮಣಿಕಟ್ಟು ಸಡಿಲ ಬಿಟ್ಟಿದ್ದರೆ, ಇಲ್ಲವೇ ಕೋಶ ಎಳೆಯುವ ಕೊಕ್ಕೆಗೆ ಮಸಿ ಕಟ್ಟಿದ್ದರೆ ಹೀಗಾಗುತ್ತದೆ. ಮ್ಯಾಗಜೀನಿನ ಬಾಯಂಚು ಕೆಳಗೆ ಬಿದ್ದು ಸೊಟ್ಟಗಾಗಿದ್ದರೆ ಕಾಡತೂಸು ಮೂತಿ ಮೇಲೆ ಮಾಡಿ ಸಿಕ್ಕಿಕೊಳ್ಳುತ್ತದೆ. .22 ಗುಂಡಿನ ಮೈಗೆ ಸವರಿದ ಮೇಣ, ಅದರ ಮದ್ದಿನ ಬೂದಿ ಎರಡೂ ಸೇರಿ ಒಳಗೆ ಅಂಟು ಹಿಡಿಯುತ್ತವೆ. ಸ್ವಚ್ಛ ಮಾಡದ ಪಿಸ್ತೂಲು ನೂರು ಕಾಯಿಲೆ ಹೇಳುತ್ತದೆ. ಇವೆಲ್ಲ ಪಿಸ್ತೂಲಿನ ರೋಗ, ಮನುಷ್ಯನಿಗೆ ಅಪಾಯವಲ್ಲ. ಅಪಾಯ ಬರುವುದು ಅದನ್ನು ಬಿಡಿಸಲು ಹೋಗುವ ಅವಸರದ ಕೈಯಿಂದ.

ಅದನ್ನು ನಾನು ಕಣ್ಣಾರೆ ಕಂಡೆ. ರೇಂಜಿನ ಹೆಸರು ಬೇಡ, ಹುಡುಗನ ಹೆಸರೂ ಬೇಡ. ಹದಿನಾರರ ಹುಡುಗ, ಬಂದು ಒಂದು ತಿಂಗಳಾಗಿರಬೇಕು. ಟ್ರಿಗರ್ ಒತ್ತಿದ, 'ಟಿಕ್' ಅಂತು. ಎರಡನೇ ಸಲ ಒತ್ತಿದ, ಏನೂ ಇಲ್ಲ. ಪಿಸ್ತೂಲು ಹಿಡಿದ ಕೈ ಹಾಗೇ ಇರುವಂತೆ ಇಡೀ ಮೈ ತಿರುಗಿಸಿ "ಸರ್, ಚಾಲತ್ ನಾಹೀ" ಅಂದ. ಸ್ಕೂಟರ್ ನಿಂತರೆ ನಾವು ಮೆಕ್ಯಾನಿಕ್ ಕಡೆ ತಿರುಗುವುದಿಲ್ಲವೇ, ಅಷ್ಟು ಸಹಜವಾಗಿ. ಆ ನಳಿಗೆ ಪಕ್ಕದ ಲೇನಿನ ಹುಡುಗಿಯ ಮೇಲೆ ಹಾಯ್ದು, ಗೋಡೆಯ ಮೇಲೆ ಹಾಯ್ದು, ನಾವು ನಾಲ್ಕು ಜನ ಪಾಲಕರು ಕೂತ ಕುರ್ಚಿಗಳ ಕಡೆ ಬರುವಷ್ಟರಲ್ಲಿ ಸುಭೇದಾರರು ಅವನ ಮಣಿಕಟ್ಟು ಹಿಡಿದು ಗುರಿಯ ಕಡೆಗೆ ತಿರುಗಿಸಿದ್ದರು. ಬೈಯಲಿಲ್ಲ. ಹಾಗೇ ಹಿಡಿದುಕೊಂಡು ಮೂವತ್ತರ ತನಕ ಗಟ್ಟಿಯಾಗಿ ಎಣಿಸಿದರು. ಕಾಡತೂಸು ಮೇಜಿನ ಮೇಲೆ ಬಿತ್ತು. ಅಂಚಿನಲ್ಲಿ ಪಿನ್ನು ಹೊಡೆದ ಗುರುತು ಇತ್ತು. ಸತ್ತ ಕಾಡತೂಸು. ಪಕ್ಕದ ಲೇನಿನ ಹುಡುಗಿ ನನ್ನ ಮೊಮ್ಮಗಳು.

ಹುಡುಗನಿಗೆ ಎರಡು ವಾರ ಪಿಸ್ತೂಲು ಇಲ್ಲ. ನನ್ನ ಪಕ್ಕದ ಕುರ್ಚಿಯಲ್ಲಿ ಕೂತು ಬೇರೆಯವರ ಕೈ ನೋಡುವ ಶಿಕ್ಷೆ. ಒಳ್ಳೆಯ ಹುಡುಗ. ಗಣಿತದಲ್ಲಿ ಜಾಣ. ಹೊಡೆಯುವವರ ಮುಖ ನೋಡಬೇಡ, ಬೆರಳು ನೋಡು ಅಂತ ನಾನೇ ಅವನಿಗೆ ಹೇಳಿಕೊಟ್ಟೆ. ಕ್ಯಾಶಿಯರನ್ನು ನೋಡುವುದೂ ಹಾಗೇ.

ಆ ರಾತ್ರಿ ಹೆಂಡತಿಗೆ ಇದ್ದದ್ದನ್ನು ಇದ್ದಂತೆ ಹೇಳಿದೆ. ಮುಚ್ಚಿಟ್ಟ ಇನ್‌ಸ್ಪೆಕ್ಷನ್ ರಿಪೋರ್ಟು ರಿಪೋರ್ಟಲ್ಲ. ಅವಳು ಬಹಳ ಹೊತ್ತು ಸುಮ್ಮನಿದ್ದು, ನಲವತ್ತು ವರ್ಷದ ಸಂಸಾರದಲ್ಲಿ ಒಮ್ಮೆಯೂ ಪೂರ್ತಿ ಹೇಳದ ಅವಳ ಸೋದರಮಾವನ ಕತೆ ಹೇಳಿದಳು. ಹಳಿಯಾಳದ ಕಡೆ ಅವರ ಹೊಲ. ಕಬ್ಬಿಗೆ ಬರುವ ಹಂದಿ ಬೆದರಿಸಲು ಒಂದು ನಾಡ ಬಂದೂಕು ಇತ್ತು, ನಳಿಗೆಯ ಬಾಯಿಂದ ಮದ್ದು ತುಂಬಿ ಗಜದಿಂದ ಗಿಡಿಯುವಂಥದ್ದು. ಮಳೆಗಾಲ. ಮಾವ ಕುದುರೆ ಎಳೆದ, ಟೋಪಿ ಸಿಡಿಯಿತು, ಬಂದೂಕು ಹಾರಲಿಲ್ಲ. ಇಳಿಸಿ, ಏನಾಯಿತು ಅಂತ ನಳಿಗೆಯ ಬಾಯಿಗೆ ಅಂಗೈ ಒತ್ತಿದ. ಒದ್ದೆ ಮದ್ದು ಆಗ ಹೊತ್ತಿಕೊಂಡಿತು. ಇವಳಿಗೆ ಒಂಬತ್ತು ವರ್ಷ, ಬಾಗಿಲಲ್ಲಿ ನಿಂತಿದ್ದಳು. "ಮಾವ ಊಟಕ್ಕ ಎಡಗೈ ಹಚ್ಚತಿದ್ದಾ. ಎಲ್ಲಾರೂ ನಗತಿದ್ರು, ನಾ ನಕ್ಕಿಲ್ಲ" ಅಂದಳು. ಅವನಿಗೆ ಬೇಕಾಗಿದ್ದದ್ದು ಅರ್ಧ ನಿಮಿಷ. ಅದನ್ನು ಅವನಿಗೆ ಹೇಳುವವರು ಯಾರೂ ಇರಲಿಲ್ಲ.

ಬಂದೂಕು ಇರುವ ಮನೆಯಲ್ಲೆಲ್ಲ ಹೀಗೇ ಅಂತಲ್ಲ. ಎಂಬತ್ತರ ದಶಕದ ಕೊನೆಯಲ್ಲಿ ನಾನು ಕೊಡಗಿನ ಒಂದು ಶಾಖೆಯಲ್ಲಿದ್ದೆ. ಕೊಡವರಿಗೆ ಲೈಸೆನ್ಸ್ ಇಲ್ಲದೆ ಬಂದೂಕು ಇಟ್ಟುಕೊಳ್ಳುವ ವಿನಾಯಿತಿ ಬ್ರಿಟಿಷರ ಕಾಲದಿಂದ ಇದೆ. ಕೇಂದ್ರ ಸರ್ಕಾರ 2019ರಲ್ಲಿ ಅದನ್ನು 2029ರ ತನಕ ಮುಂದುವರಿಸಿತು. ಸೆಪ್ಟೆಂಬರಿನ ಕೈಲ್‌ಪೊಳ್ದ್ ಹಬ್ಬಕ್ಕೆ ನಮ್ಮ ಗ್ರಾಹಕರೊಬ್ಬರು ಮನೆಗೆ ಕರೆದಿದ್ದರು. ಪೂಜೆಗಿಟ್ಟ ಬಂದೂಕಿಗೆ ತೋಕ್ ಪೂ ಮುಡಿಸಿದ್ದರು. ಹೊರಗೆ ತೆಂಗಿನಕಾಯಿಗೆ ಗುರಿ ಹೊಡೆಯುವ ಸ್ಪರ್ಧೆ. ಆ ಯಜಮಾನರು ನನ್ನ ಕೈಗೆ ಜೋಡುನಳಿಗೆ ಬಂದೂಕು ಕೊಡುವಾಗ ಅದನ್ನು ನಡು ಮುರಿದು, ಎರಡೂ ನಳಿಗೆ ಖಾಲಿ ಎಂದು ನನಗೆ ತೋರಿಸಿ, ಮುರಿದ ಹಾಗೇ ಕೊಟ್ಟರು. ಮಾತಾಡಲಿಲ್ಲ. ಹಿರಿಯರಿಗೆ ನೀರಿನ ತಂಬಿಗೆ ಕೊಡುವಾಗ ಬಲಗೈ ಮುಂದೆ ಬರುತ್ತದಲ್ಲ, ಆ ರೀತಿಯ ರೂಢಿ. ಪುಣೆಯ ರೇಂಜಿನಲ್ಲಿ ಇದೇ ಕೆಲಸವನ್ನು ಒಂದು ಹಳದಿ ದಾರ ಮಾಡುತ್ತದೆ. ಹೊಡೆಯುವ ಹೊತ್ತು ಬಿಟ್ಟು ಉಳಿದ ಹೊತ್ತೆಲ್ಲ ಆ ಪ್ಲಾಸ್ಟಿಕ್ ದಾರವನ್ನು ನಳಿಗೆಯ ಉದ್ದಕ್ಕೂ ತೂರಿಸಿ ಇಡಬೇಕು. ದಾರ ಎರಡೂ ಕಡೆ ಕಂಡರೆ ಒಳಗೆ ಕಾಡತೂಸು ಇಲ್ಲ ಅಂತ ದೂರದಿಂದಲೇ ತಿಳಿಯುತ್ತದೆ. ನಮ್ಮ ಸ್ಟ್ರಾಂಗ್ ರೂಮಿಗೆ ಎರಡು ಕೀಲಿ ಇರುತ್ತಿದ್ದವು, ಇಬ್ಬರು ಅಧಿಕಾರಿಗಳ ಹತ್ತಿರ ಒಂದೊಂದು. ಒಬ್ಬನ ಪ್ರಾಮಾಣಿಕತೆಯ ಮೇಲೆ ಸಂಶಯಪಟ್ಟು ಮಾಡಿದ ವ್ಯವಸ್ಥೆ ಅಲ್ಲ ಅದು. ಒಬ್ಬನ ನೆನಪಿನ ಮೇಲೆ ಭಾರ ಹಾಕಬಾರದು ಅಂತ ಮಾಡಿದ್ದು.

ಸ್ಪರ್ಧೆಯ ನಿಯಮ ಪುಸ್ತಕವನ್ನೂ ಓದಿದೆ. ಎಂ.ಕಾಂ. ಓದುವಾಗ ಕಂಪನಿ ಕಾನೂನು ಅರೆದು ಕುಡಿದವನಿಗೆ ಇದೇನು ಮಹಾ. ಅಂತಾರಾಷ್ಟ್ರೀಯ ಶೂಟಿಂಗ್ ಒಕ್ಕೂಟದ ನಿಯಮದಲ್ಲಿ ಪಿಸ್ತೂಲು ಕೈಕೊಟ್ಟರೆ ಅದು 'ಒಪ್ಪತಕ್ಕ' ದೋಷವೋ 'ಒಪ್ಪಲಾಗದ' ದೋಷವೋ ಅಂತ ಅಧಿಕಾರಿ ತೀರ್ಮಾನಿಸುತ್ತಾರೆ. ಕಾಡತೂಸು ಹೊತ್ತದಿದ್ದರೆ, ಗುಂಡು ನಳಿಗೆಯಲ್ಲಿ ಸಿಕ್ಕರೆ, ಖಾಲಿ ಕೋಶ ಹೊರಬರದಿದ್ದರೆ ಒಪ್ಪುತ್ತಾರೆ. ಉಳಿದ ಗುಂಡು ಹೊಡೆಯಲು ಅವಕಾಶ ಸಿಗುತ್ತದೆ. ಕಾಡತೂಸು ತುಂಬಲು ಮರೆತಿದ್ದರೆ, ಸೇಫ್ಟಿ ತೆಗೆದಿರದಿದ್ದರೆ ಒಪ್ಪುವುದಿಲ್ಲ. ನನಗೆ ಬಹಳ ಹಿಡಿಸಿದ ಕಲಮು ಇನ್ನೊಂದು: ಅಧಿಕಾರಿ ಬಂದು ನೋಡುವ ಮೊದಲು ಸ್ಲೈಡನ್ನೋ ಸೇಫ್ಟಿಯನ್ನೋ ಮುಟ್ಟಿದರೆ, ಮೂಲ ದೋಷ ಏನೇ ಇರಲಿ, ಅದು ಒಪ್ಪಲಾಗದ ದೋಷವಾಗುತ್ತದೆ. ಅಂದರೆ ಸುಮ್ಮನೆ ನಿಂತವನಿಗೇ ಲಾಭ, ಕೈ ಹಾಕಿದವನಿಗೆ ನಷ್ಟ. ಇಂಥ ನಿಯಮ ಬರೆದವರು ಮನುಷ್ಯರ ಕೈಗಳನ್ನು ಚೆನ್ನಾಗಿ ಬಲ್ಲವರು.

ಪಿಸ್ತೂಲು ಕೆಡುವುದು ಕಲಿಯುವ ಮಕ್ಕಳಿಗಷ್ಟೇ ಅಲ್ಲ. ಟೋಕಿಯೊ ಒಲಿಂಪಿಕ್ಸಿನಲ್ಲಿ, 2021ರ ಜುಲೈ 25ರಂದು, ಮನು ಭಾಕರ್ ಏರ್ ಪಿಸ್ತೂಲಿನ ಅರ್ಹತಾ ಸುತ್ತಿನ ನಡುವೆಯೇ ಅವರ ಪಿಸ್ತೂಲು ಕೆಟ್ಟಿತು. 75 ನಿಮಿಷದಲ್ಲಿ 60 ಗುಂಡು ಹೊಡೆಯಬೇಕಾದ ಸುತ್ತು ಅದು. ದುರಸ್ತಿಗೆ ಕಾಲುಗಂಟೆಗಿಂತ ಹೆಚ್ಚು ಹೊತ್ತು ಹೋಯಿತು. ಗಡಿಯಾರ ಅವರಿಗಾಗಿ ನಿಲ್ಲಲಿಲ್ಲ. ಬಂದು 575 ಅಂಕ ಗಳಿಸಿ 12ನೆಯವರಾದರು. ಫೈನಲ್ ತಪ್ಪಿದ್ದು ಎರಡೇ ಅಂಕದಿಂದ. ಮೂರು ವರ್ಷದ ಮೇಲೆ, 2024ರಲ್ಲಿ, ಪ್ಯಾರಿಸ್ಸಿನಲ್ಲಿ ಅವರಿಗೆ ಎರಡು ಕಂಚು ಬಂದವು. ಅದೇ ವಾರ ಕೊಲ್ಹಾಪುರ ಜಿಲ್ಲೆಯ ಸ್ವಪ್ನಿಲ್ ಕುಸಾಳೆ ರೈಫಲಿನಲ್ಲಿ ಕಂಚು ಗೆದ್ದರು. ಅವರು ತಾಲೀಮು ಮಾಡಿದ್ದು ನಮ್ಮ ಪುಣೆಯ ಬಾಲೆವಾಡಿಯಲ್ಲಿ, 1994ರ ರಾಷ್ಟ್ರೀಯ ಕ್ರೀಡಾಕೂಟಕ್ಕೆ ಕಟ್ಟಿದ ಸಂಕೀರ್ಣದಲ್ಲಿ. ಆಮೇಲೆ ಪುಣೆಯ ಪ್ರತಿ ಗಲ್ಲಿಯ ಹುಡುಗನಿಗೂ ಶೂಟಿಂಗ್ ಬೇಕಾಯಿತು. ಅವಸರದ ಕೈಗಳೂ ಹೆಚ್ಚಾದವು.

ಅವಸರ ಹೋಗಲಾಡಿಸಲು ಸುಭೇದಾರರ ಹತ್ತಿರ ಒಂದು ಉಪಾಯವಿದೆ. ಐದು ಕಾಡತೂಸಿನ ಮ್ಯಾಗಜೀನ್ ತಾವೇ ತುಂಬಿ ಕೊಡುತ್ತಾರೆ, ನಡುವೆ ಎಲ್ಲೋ ಒಂದು ಸುಳ್ಳು ಕಾಡತೂಸು. ಯಾವ ಜಾಗದಲ್ಲಿ ಅಂತ ಹೇಳುವುದಿಲ್ಲ. ಅದು 'ಟಿಕ್' ಅಂದಾಗ ನಳಿಗೆ ಬಗ್ಗಿತೇ, ಬೆರಳು ಹೊರಬಂತೇ, ಎಡಗೈ ಮೇಲೆದ್ದಿತೇ ಅಂತ ಹಿಂದೆ ನಿಂತು ನೋಡುತ್ತಾರೆ. ಒಂದು ವರ್ಷ ದಿನಾ ಇದೇ. "ಅಜ್ಜಾ, ಬೋರ್ ಆಗೇದ" ಅಂತ ಮೊಮ್ಮಗಳು ಗೊಣಗುತ್ತಿದ್ದಳು.

ಕಳೆದ ಡಿಸೆಂಬರಿನಲ್ಲಿ ಅದರ ಲೆಕ್ಕ ಚುಕ್ತಾ ಆಯಿತು. ಅವಳು ವೇಗದ ಸುತ್ತಿನ ತಾಲೀಮಿನಲ್ಲಿದ್ದಳು. ಆ ಸುತ್ತಿನಲ್ಲಿ ಹಸಿರು ದೀಪ ಮೂರು ಸೆಕೆಂಡು ಮಾತ್ರ ಇರುತ್ತದೆ. ಅಷ್ಟರಲ್ಲಿ ಕೈಯೆತ್ತಿ ಒಂದು ಗುಂಡು ಹೊಡೆಯಬೇಕು. ಆಮೇಲೆ ಏಳು ಸೆಕೆಂಡು ಕೆಂಪು, ಮತ್ತೆ ಹಸಿರು. ದೀಪದ ತಾಳಕ್ಕೆ ಕೈ ತಾನಾಗಿ ಏಳುತ್ತದೆ. ಮೂರನೆಯದಕ್ಕೆ ಠಪ್ ಅನ್ನುವ ಬದಲು 'ಫುಸ್' ಅಂತು. ಕಿವಿಯ ಮುಚ್ಚಳದೊಳಗಿಂದ ನನಗೂ ವ್ಯತ್ಯಾಸ ತಿಳಿಯಿತು. ಕೈಗೆ ಒದೆತ ಇಲ್ಲ, ಗುರಿಯ ಮೇಲೆ ಗುರುತಿಲ್ಲ, ಸ್ಲೈಡ್ ಹಿಂದಕ್ಕೆ ಸರಿಯಲಿಲ್ಲ. ಸಿನಿಮಾದ ಪೊಲೀಸ್ ಆಗಿದ್ದರೆ ಎಡಗೈಯಿಂದ ಸ್ಲೈಡ್ ಎಳೆದು ಬಿಟ್ಟು ಮುಂದಿನದನ್ನು ಹಾರಿಸುತ್ತಿದ್ದ. ಒಂದು ಕ್ಷಣದ ಕೆಲಸ. ಹಸಿರು ದೀಪ ಮತ್ತೆ ಹತ್ತಿತು. ಇವಳು ಹೊಡೆಯಲಿಲ್ಲ. ಪಿಸ್ತೂಲು ಗುರಿಯ ಕಡೆಗೇ, ಎಡಗೈ ಮೇಲೆ. ದೀಪ ಆರಿತು, ಮತ್ತೆ ಹತ್ತಿತು, ಮತ್ತೆ ಆರಿತು. ಅವಳ ತೋಳು ನಡುಗುವುದು ಹಿಂದಿನಿಂದ ನನಗೆ ಕಾಣುತ್ತಿತ್ತು. ಏಳಬೇಕು ಅನಿಸಿತು. ಏಳಲಿಲ್ಲ, ಕುರ್ಚಿಯವರಿಗೂ ಅದೇ ನಿಯಮ.

ಅರ್ಧ ನಿಮಿಷದ ಮೇಲೆ ಸುಭೇದಾರರು ಮ್ಯಾಗಜೀನ್ ತೆಗೆದು ಸ್ಲೈಡ್ ಎಳೆದರು. ಖಾಲಿ ಕೋಶ ಬಿತ್ತು. ಗುಂಡು ಹೊರಗೆ ಹೋಗಿಲ್ಲ. ಪಿಸ್ತೂಲು ಬಿಚ್ಚಿ ನಳಿಗೆಗೆ ಹಿತ್ತಾಳೆಯ ಕಡ್ಡಿ ಹಾಕಿದರೆ ಎರಡಿಂಚು ಹೋಗಿ ನಿಂತಿತು. ಕಾಡತೂಸಿನಲ್ಲಿ ಹೊತ್ತಿಸುವ ಮದ್ದು ಮಾತ್ರ ಉರಿದು, ಗುಂಡನ್ನು ನಳಿಗೆಯ ನಡುವಿನ ತನಕ ದಬ್ಬಿ ಕೈಬಿಟ್ಟಿತ್ತು. ಅದರ ಹಿಂದೆ ಇನ್ನೊಂದು ಗುಂಡು ಹಾರಿಸಿದ್ದರೆ ನಳಿಗೆ ಉಬ್ಬುತ್ತಿತ್ತು, ಇಲ್ಲವೇ ಸೀಳುತ್ತಿತ್ತು. ಕಡ್ಡಿ ತಟ್ಟಿ ಹೊರತೆಗೆದ ಗುಂಡನ್ನು ಅವರು ಅವಳ ಅಂಗೈ ಮೇಲೆ ಇಟ್ಟರು. ಎರಡೂವರೆ ಗ್ರಾಮಿನ ಸೀಸ. ಇಷ್ಟೇ ಸೀಸ ಸರಿಯಾಗಿ ಹಾರಿದರೆ ಒಂದೂವರೆ ಮೈಲಿಯ ತನಕ ಅಪಾಯ ಅಂತ ಡಬ್ಬಿಯ ಮೇಲೆ ಅಚ್ಚಾಗಿರುತ್ತದೆ. ಆ ಡಬ್ಬಿಯಲ್ಲಿ ಉಳಿದಿದ್ದ ಹನ್ನೊಂದು ಕಾಡತೂಸುಗಳನ್ನೂ ಅವರು ಬದಿಗಿಟ್ಟು, ರಿಜಿಸ್ಟರಿನಲ್ಲಿ ಬರೆದು, ಸಹಿ ಹಾಕಿದರು. ಕೊಟ್ಟದ್ದು, ಹಾರಿದ್ದು, ಹುಸಿ ಹೋದದ್ದು ಮೂರೂ ಸಾಯಂಕಾಲ ತಾಳೆಯಾಗಬೇಕು. ಆ ರಿಜಿಸ್ಟರನ್ನು ನಾನು ತಿರುವಿ ನೋಡಿದ್ದೇನೆ. ನಮ್ಮ ಕೆಲವು ಶಾಖೆಗಳ ಕ್ಯಾಶ್ ಬುಕ್ಕಿಗಿಂತ ಚೊಕ್ಕಟ.

ಇದನ್ನೂ ಮನೆಯಲ್ಲಿ ಹೇಳಿದೆ. ಮುಂದಿನ ಭಾನುವಾರ ನನ್ನಾಕೆ ತಾನೂ ಬರುತ್ತೇನೆ ಅಂದಳು. ಚಕ್ಕುಲಿಯ ಡಬ್ಬಿ ಹಿಡಿದುಕೊಂಡೇ ಬಂದಳು. ಸುಭೇದಾರರು ನಮಸ್ಕಾರ ಮಾಡಿ, ಡಬ್ಬಿಯನ್ನು ಒಳಗೆ ತೆರೆಯಬಾರದು ಅಂತ ಬಹಳ ಮರ್ಯಾದೆಯಿಂದ ಹೇಳಿದರು. ಗುಂಡಿನ ಸೀಸದ ಪುಡಿ ಕೈಗೆ, ಬಟ್ಟೆಗೆ ಹತ್ತಿರುತ್ತದೆ. ತಣ್ಣೀರು, ಸಾಬೂನಿನಿಂದ ತೊಳೆಯದೆ ಏನೂ ತಿನ್ನುವಂತಿಲ್ಲ. ಇದು ಅವಳಿಗೆ ತಕ್ಷಣ ಒಪ್ಪಿಗೆಯಾಯಿತು. ಮೈಲಿಗೆಯ ಲೆಕ್ಕ ತಿಳಿದವಳು. ಮೊಮ್ಮಗಳ ಕುತ್ತಿಗೆಯ ತನಕ ಮುಚ್ಚಿದ ಅಂಗಿ ನೋಡಿ, ಈ ಸೆಕೆಯಲ್ಲಿ ಯಾಕೆ ಅಂತ ಕೇಳಿದಳು. ಬಿಸಿ ಖಾಲಿ ಕೋಶ ಕೊರಳೊಳಗೆ ಬಿದ್ದರೆ ಹುಡುಗರು ಕುಣಿಯುತ್ತಾರೆ, ಕುಣಿಯುವಾಗ ಕೈಯಲ್ಲಿ ಪಿಸ್ತೂಲು ಇರುತ್ತದೆ ಅಂತ ಸುಭೇದಾರರು ವಿವರಿಸಿದರು. ಅವಳು ಹೂಂ ಅಂದಳು. ಆಮೇಲೆ ಮುಕ್ಕಾಲು ಗಂಟೆ ಮಾತಾಡದೆ ಕೂತಿದ್ದಳು. ಪ್ರತಿ ಸದ್ದಿಗೂ ಅವಳ ಬಲಗೈ ಸೆರಗನ್ನು ಬಿಗಿಯಾಗಿ ಹಿಡಿಯುತ್ತಿತ್ತು. ನಡುವೆ ಒಮ್ಮೆ ಸುಳ್ಳು ಕಾಡತೂಸು 'ಟಿಕ್' ಅಂತು. ಮೊಮ್ಮಗಳ ಎಡಗೈ ಮೇಲೆದ್ದಿತು. ಇವಳ ತುಟಿ ಅಲ್ಲಾಡುತ್ತಿದ್ದವು. ಮಂತ್ರ ಇರಬೇಕು ಅಂದುಕೊಂಡೆ. ಕಿವಿಯ ಮುಚ್ಚಳ ಸರಿಸಿ ಕೇಳಿದರೆ ಎಣಿಸುತ್ತಿದ್ದಳು, ಹತ್ತೊಂಬತ್ತು, ಇಪ್ಪತ್ತು, ಇಪ್ಪತ್ತೊಂದು.

ಆಮೇಲೆ ಮತ್ತೆ ಬಂದಿಲ್ಲ. ಬರುವುದಿಲ್ಲ ಅಂತ ಹೇಳಿಯೂ ಇಲ್ಲ. ನನ್ನ ಡ್ಯೂಟಿ ಮಾತ್ರ ಮುಂದುವರಿದಿದೆ. ಮಧ್ಯಾಹ್ನ ಮೂರಕ್ಕೆ ನಾವಿಬ್ಬರೂ ಚಪ್ಪಲಿ ಮೆಟ್ಟುವಾಗ ಅಡುಗೆಮನೆಯಿಂದ ದಿನಾ ಕೇಳುತ್ತಾಳೆ, "ಹಳದಿ ದಾರ ತೊಗೊಂಡಿ ಏನವಾ?"